ನಾಲ್ಕನೇ ಜ್ವರ

ರಂಗರಾಜು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಎರಡು ನಿಮಿಷ ಕಣ್ಣು ಮುಚ್ಚಿ ಕೂತ. ಆಮೇಲೆ ಅದನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡ.

“ಏನೂ ಇಲ್ಲ ಕಣ್ಲಾ ಶಿವಮಲ್ಲು. ಒಂದು ಹುಳನೂ ಬಾಯಾಡಿಸ್ತಿಲ್ಲ.”

ಶಿವಮಲ್ಲುವಿನ ಊರಾದ ಉಡಿಗಾಲದ ಆ ಹುಳುಮನೆಯಲ್ಲಿ ನಲವತ್ತು ಬಿದಿರು ತಟ್ಟೆಗಳಿದ್ದವು. ಎಲ್ಲದರಲ್ಲೂ ರೇಷ್ಮೆ ಹುಳುಗಳು ತಲೆ ಎತ್ತಿಕೊಂಡು, ಕಡೆದಿಟ್ಟ ಹಾಗೆ ಅಲುಗದೆ ಕೂತಿದ್ದವು. ಊರವರು ಇದಕ್ಕೆ ಜ್ವರ ಎನ್ನುತ್ತಾರೆ: ಹುಳು ಮೇವು ಬಿಟ್ಟು ಹಳೆಯ ಚರ್ಮ ಕಳಚಿಕೊಳ್ಳುವ ಹೊತ್ತು. ಬದುಕಿನಲ್ಲಿ ನಾಲ್ಕು ಸಲ. ನಾಲ್ಕನೆಯದರಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದವೆಂದರೆ ಮನೆಯೊಳಗೇ ಮಳೆ ಸುರಿದಂಥ ಸದ್ದು.

ಇಬ್ಬರೂ ಬಂದಿದ್ದು ಆ ಸದ್ದಿಗಾಗಿ. ಗುಂಡ್ಲುಪೇಟೆಯಲ್ಲಿ ರಂಗರಾಜುವಿನ ಅಪ್ಪನ ಈರುಳ್ಳಿ ಮಂಡಿಯ ಮೇಲೊಂದು ಕೋಣೆ. ಅಲ್ಲಿ ಗಿಟಾರು, ಡ್ರಮ್ಮು ಇಟ್ಟುಕೊಂಡ ನಾಲ್ಕು ಜನರ ರಾಕ್ ತಂಡ ಅವರದು. ಒಂದು ಹುಳುವಿನ ಇಡೀ ಬದುಕನ್ನು ಒಂದು ಕ್ಯಾಸೆಟ್ಟಿನಲ್ಲಿ ಕೇಳಿಸಬೇಕೆಂಬುದು ಬಿ.ಎಸ್ಸಿ. ಓದುತ್ತಿದ್ದ ಶಿವಮಲ್ಲುವಿನ ಹಟ. ನಾಲ್ಕು ಜ್ವರಕ್ಕೆ ನಾಲ್ಕು ಹಾಡು ಮುಗಿದಿದ್ದವು. ಕೊನೆಯಲ್ಲಿ ಆರು ನಿಮಿಷ, ಯಾವ ವಾದ್ಯವೂ ಇಲ್ಲದೆ, ಬರೀ ಹುಳುಗಳು ಮೇಯುವ ಸದ್ದು. ಅದು ಇಲ್ಲದಿದ್ದರೆ ಅವನ ಹುಳು ನಾಲ್ಕು ಸಲ ಕಾಯಿಲೆ ಬಿದ್ದು ಏಳದೇ ಹೋದಂತೆ.

ಲೆಕ್ಕ ತಪ್ಪಿದ್ದು ಅವನದೇ. ಇಪ್ಪತ್ತೈದು ಡಿಗ್ರಿ ಶಾಖಕ್ಕೆ ಪುಸ್ತಕ ಹೇಳಿದ ಗಂಟೆಗಳನ್ನು ಕೂಡಿ ದಿನ ಗೊತ್ತು ಮಾಡಿದ್ದ. ಆ ವರ್ಷ, ತೊಂಬತ್ತಾರರಲ್ಲಿ, ಬಿಡದೆ ಬೀಸಿದ ಆಷಾಢದ ಥಂಡಿ ಗಾಳಿಯನ್ನು ಕೂಡಿರಲಿಲ್ಲ. ರೆಕಾರ್ಡಿಂಗ್ ಯಂತ್ರ ಸಿಕ್ಕಿದ್ದೂ ಆಷಾಢದ ದಯೆಯಿಂದಲೇ. ಮದುವೆಗಳಿಲ್ಲದ ತಿಂಗಳು ತಾನೆ ಎಂದು ಮೈಸೂರಿನ ಆರ್ಕೆಸ್ಟ್ರಾದವನೊಬ್ಬ ಕೊಟ್ಟಿದ್ದ. ನಾಳೆ ಶ್ರಾವಣ. ಸಂಜೆ ಐದರ ಬಸ್ಸಿಗೆ ಯಂತ್ರ ಹೊರಡಲೇಬೇಕು.

ಶಿವಮಲ್ಲುವಿನ ತಾಯಿ ಮಲ್ಲಾಜಮ್ಮ ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ಇಬ್ಬರಿಗೂ ತಲೆಗೆ ನೀರು ಹಾಕಿಸಿ, ಹುಳುವಿಗಾಗದ ಸೆಂಟಿನ ವಾಸನೆ ಇಲ್ಲವೆಂದು ಮೂಸಿ ನೋಡಿಯೇ ಒಳಗೆ ಬಿಟ್ಟಿದ್ದಳು.

“ಜ್ವರಕ್ಕೂ ಪದ ಕಟ್ಟವ್ರಂತೆ. ಆ ಪಾಟಿ ಕಿರುಚುದ್ರೆ ಯಾವ ಹುಳ ಎದ್ದಾತು?”

“ಅದು ರಾಕು ಕಣವ್ವ. ಕಿರುಚ್ಲೇಬೇಕು,” ಎಂದ ರಂಗರಾಜು.

“ಕಿರುಚು ಓಗು, ನಿಮ್ಮಪ್ಪನ ಮಂಡೀಲಿ. ಈರುಳ್ಳಿಗೆ ಕಿವಿ ಇಲ್ಲ.”

ಮೂರೂವರೆಯ ಹೊತ್ತಿಗೆ ಕಾಲುಭಾಗ ಹುಳುಗಳು ಎದ್ದಿದ್ದವು. ಹೊಸ ಚರ್ಮದಲ್ಲಿ ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಉಳಿದವು ಅಲುಗಿರಲಿಲ್ಲ. ಎಲ್ಲವೂ ಏಳುವ ತನಕ ಮೇವು ಹಾಕುವಂತಿಲ್ಲ. ಹಾಕಿದರೆ ಎದ್ದವು ಮುಂದೆ ಹೋಗುತ್ತವೆ, ಮಲಗಿದವು ಸೊಪ್ಪಿನಡಿ ಬೆಂದು ಸೊರಗುತ್ತವೆ. ರೋಗ ಹತ್ತುವುದು ಅಲ್ಲಿಂದಲೇ. ಇದು ಶಿವಮಲ್ಲುವಿಗೆ ಪುಸ್ತಕ ಓದುವ ಮೊದಲೇ ಗೊತ್ತಿತ್ತು.

ರಂಗರಾಜು ವೈರು ಸುತ್ತತೊಡಗಿದ. ಶಿವಮಲ್ಲು ಗೋಡೆಗೊರಗಿ ಕೂತವನು ಏಳಲಿಲ್ಲ. ಮಲ್ಲಾಜಮ್ಮ ಅವನ ಮುಖವನ್ನು ನೋಡಿ ಹೊರಗೆ ಹೋದಳು. ಬಂದಾಗ ಸೊಂಟದ ಮೇಲೆ ಸೊಪ್ಪಿನ ಬುಟ್ಟಿ ಇತ್ತು.

“ಒಂದ್ ತಟ್ಟೆಗೆ ಆಕ್ಲೇನ್ಲಾ?”

“ಒಂದ್ ತಟ್ಟೆ ಸದ್ದು ಮೈಕಿಗೆ ಸಿಕ್ಕಲ್ಲ ಅವ್ವ,” ಎಂದ ರಂಗರಾಜು.

ಅವಳು ಮಗನನ್ನೇ ನೋಡುತ್ತಿದ್ದಳು. “ಎಲ್ಲಕ್ಕೂ ಆಕನ ಬುಡು. ಎದ್ದಿರವು ತಿನ್ಲಿ.”

“ಬೆಳೆ?” ಎಂದ ಶಿವಮಲ್ಲು.

“ಈ ಬೆಳೆ ಓದ್ರೆ ಇನ್ನೊಂದು ಬತ್ತದೆ. ನಿನ್ನ ಪೆಟ್ಗೆ ನಾಳೀಕೆ ಬತ್ತದಾ?”

ಹದಿನೆಂಟು ದಿನಗಳಿಂದ ಅವಳು ಈ ಹುಳುಮನೆಯಲ್ಲೇ ಚಾಪೆ ಹಾಸಿ ಮಲಗಿದ್ದವಳು. ಈಗ ಒಂದು ಹಿಡಿ ಸೊಪ್ಪನ್ನು ತಟ್ಟೆಯ ಮೇಲೆ ಚಾಚಿ ಹಿಡಿದಳು. ಎದ್ದಿದ್ದ ಹುಳುಗಳು ವಾಸನೆ ಹಿಡಿದು ಆ ಕಡೆ ತಿರುಗಿದವು. ಶಿವಮಲ್ಲುವೂ ತಿರುಗಿದ. ಒಂದು ಗಳಿಗೆ ಅವನ ಬಾಯಿಂದ ಹೂಂ ಎಂಬ ಮಾತು ಹೊರಟೇಬಿಡುವುದರಲ್ಲಿತ್ತು. ಆಮೇಲೆ ಎದ್ದು ಬುಟ್ಟಿಯನ್ನು ಕಿತ್ತುಕೊಂಡು ಹೊಸಿಲಿನಾಚೆ ಇಟ್ಟು ಬಂದ.

“ಮಲಗಿರವು ಮಲಗ್ಲಿ ಬುಡವ್ವ.”

“ಹಂಗಾರೆ ನಮ್ ಕೊನೇ ಹಾಡು?” ರಂಗರಾಜುವಿನ ದನಿ ಏರಿತು. “ಆರು ನಿಮ್ಷ ಖಾಲಿ ಬುಡದಾ?”

“ವೈರ್ ಚುಚ್ಚು. ರೆಕಾರ್ಡ್ ಒತ್ತು.”

“ಏನಂತ ಒತ್ಲಿ? ಏನೈತೆ ಇಲ್ಲಿ?”

“ಇದನ್ನೇ.”

ರಂಗರಾಜು ಬೈದುಕೊಂಡೇ ಗುಂಡಿ ಒತ್ತಿದ. ಆರು ನಿಮಿಷ ಮೂವರೂ ಕೆಮ್ಮದೆ ಕೂತರು. ಯಂತ್ರದ ಮುಳ್ಳು ಮೇಲೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಐವತ್ತು ಕ್ಯಾಸೆಟ್ಟುಗಳು ತಯಾರಾಗಿ ಬಂದವು. ಗುಂಡ್ಲುಪೇಟೆಯ ಅಂಗಡಿಗೆ ಏಳು ವಾಪಸಾದವು. ಕೊನೆಯಲ್ಲಿ ಟೇಪು ಕೆಟ್ಟಿದೆ ಎಂದು ದೂರು. ರಂಗರಾಜು ಅವನ್ನು ತಂದು ಶಿವಮಲ್ಲುವಿನ ಮುಂದೆ ಸುರಿದುಹೋದ. ಅವುಗಳಲ್ಲೊಂದನ್ನು ಶಿವಮಲ್ಲು ಊರಿಗೆ ಒಯ್ದು, ಜಗಲಿಯ ಮೇಲೆ ಟೇಪ್‌ರೆಕಾರ್ಡರಿಗೆ ಹಾಕಿದ.

ನಾಲ್ಕು ಹಾಡು ಮುಗಿಯುವವರೆಗೂ ಮಲ್ಲಾಜಮ್ಮ ಮುಖ ಸಿಂಡರಿಸಿಕೊಂಡು ರಾಗಿ ಕೇರುತ್ತಲೇ ಇದ್ದಳು. ಮಾತಾಡಲು ಬಂದ ಪಕ್ಕದ ಮನೆಯ ಮೂಗಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂತಿದ್ದಳು. ಡ್ರಮ್ಮು, ಗಿಟಾರು ಒಮ್ಮೆಗೇ ನಿಂತು ಜಗಲಿಯೆಲ್ಲ ಸ್ತಬ್ಧವಾಯಿತು.

“ಅಬ್ಬಬ್ಬಾ, ಮುಗೀತಲ್ಲ!” ಎಂದು ಮೂಗಮ್ಮ ಗುಂಡಿಯತ್ತ ಕೈ ಚಾಚಿದಳು.

ಮಲ್ಲಾಜಮ್ಮ ಮೊರವನ್ನು ಸದ್ದಾಗದಂತೆ ಕೆಳಗಿಟ್ಟಳು.

“ಮುಟ್ಬ್ಯಾಡ ಕಣಮ್ಮಿ,” ಎಂದಳು ಪಿಸುದನಿಯಲ್ಲಿ. “ಅವಿನ್ನೂ ಎದ್ದಿಲ್ಲ.”