ಎರವಲು ತಂದ ಮೀಟರ್

ಕರೆಂಟ್ ಹೊಡೆದು ಸತ್ತ ಗಂಡನ ಕರ್ಮಗಳೆಲ್ಲ ಮುಗಿದ ಮರುದಿನ, ಅವಳಿನ್ನೂ ಬೆಳಗಿನ ಹಾಲು ಕಾಯಿಸುತ್ತಿದ್ದಳು. ಗಂಡನ ಗೆಳೆಯ ತಾನು ಎರವಲು ಕೊಟ್ಟಿದ್ದ ವೋಲ್ಟ್‌ಮೀಟರ್ ಕೇಳಿಕೊಂಡು ಬಂದ. ಇಷ್ಟೇನು ಅವಸರ ಎನಿಸಿತು ಅವಳಿಗೆ.

"ಮನೇಲಿ ಮಾಡಿದ ಮೀಟರ್ ನಂಬಬೇಡ ಅಂತ ಬಡ್ಕೊಂಡೆ, ಅತ್ತಿಗೆ. ನನ್ನದಕ್ಕೆ ಹೋಲಿಸಿ ಸರಿಮಾಡ್ಕೋ ಅಂತ ಕೊಟ್ಟೆ. ಕೇಳಲಿಲ್ಲ, ಪುಣ್ಯಾತ್ಮ."

ಅವಳು ಗಂಡನ ಮೇಜಿನ ಮೇಲಿದ್ದ ಬರಿತಂತಿಗಳ ಸ್ವಿಚ್ ಹಾಕಿ, ಅವಕ್ಕೆ ಎರಡೂ ಮೀಟರ್ ಹಿಡಿದಳು. ಗಂಡ ಮಾಡಿದ್ದು ಇನ್ನೂರ ಮೂವತ್ತು ತೋರಿಸಿತು. ಗೆಳೆಯನದು ಸೊನ್ನೆ, ತಂತಿಯಲ್ಲಿ ಕರೆಂಟೇ ಇಲ್ಲವೆಂಬಂತೆ.

"ಯಾವುದು ಸರಿ?"

"ನನ್ನದೇ. ಕಂಪನಿ ಮಾಲು, ಸುಳ್ಳು ಹೇಳಲ್ಲ."

"ಇವರೂ ನಿಮ್ಮದನ್ನ ಹಾಗೇ ನಂಬಿದ್ರು. ನೀವೂ ತಂತಿ ಮುಟ್ಟಿ ನೋಡಿ."

ಅವನ ಕೈ ಸರಕ್ಕನೆ ಬೆನ್ನ ಹಿಂದೆ ಹೋಯಿತು. ಅವಳು ಅವನ ಹಿಂದಕ್ಕೆ ಸುತ್ತಿ ಹೋಗಿ, ಆ ಕೈಯಲ್ಲೇ ಅವನ ಮೀಟರ್ ಇಟ್ಟಳು.