ನಗೆಕೂಟದ ಸೀಟಿ

ನಮ್ಮ ಪಾರ್ಕಿನ ನಗೆಕೂಟಕ್ಕೆ ನಾನೇ ಅಧ್ಯಕ್ಷ. ನಾನು ಸೀಟಿ ಊದಿದರೆ ಎಲ್ಲರೂ ಕೈಯೆತ್ತಿ ನಗಬೇಕು, ಮತ್ತೆ ಊದಿದರೆ ನಿಲ್ಲಿಸಬೇಕು. ನಗು ಸಾಲದೆಂದು ನಿವೃತ್ತ ನ್ಯಾಯಾಧೀಶರನ್ನೂ ಗದರಿಸಿದವನು ನಾನು.

ಮೊನ್ನೆ ಯಾಕೋ ಉದಾರಿಯಾಗಿ ಸೀಟಿಯನ್ನು ಕಲ್ಲುಬೆಂಚಿನ ಮೇಲಿಟ್ಟೆ.

“ಇವತ್ತಿಂದ ಅಧ್ಯಕ್ಷಗಿರಿ ರದ್ದು. ಏನಿದ್ರೂ ಎಲ್ಲರೂ ಕೂಡಿಯೇ ತೀರ್ಮಾನ ಮಾಡೋಣ” ಎಂದೆ. “ಬೇಡ ಸಾರ್, ನೀವೇ ಇರಿ” ಎಂಬ ಕೂಗಿಗಾಗಿ ಕಾದೆ.

“ನಿಜವಾಗ್ಲೂನಾ ಸಾರ್?” ಎಂದರು ಹಿರಿಯ ಸದಸ್ಯೆ ಪುಟ್ಟಗೌರಮ್ಮ.

“ನಿಜವಾಗ್ಲೂ.”

“ಹಂಗಾದ್ರೆ ಬೆಳಬೆಳಗ್ಗೆ ಈ ನಗೋದೊಂದನ್ನ ಬಿಟ್ಬಿಡೋಣ್ವಾ? ಸುಮ್ನೆ ಕೂತು ಮಾತಾಡೋಣ.”

ಎಲ್ಲರ ಕೈಗಳೂ ಮೇಲೆದ್ದವು. ನ್ಯಾಯಾಧೀಶರದು ಎರಡೂ ಕೈ.

“ಮತ್ತೆ ನಮ್ಮ ನಗೆಕೂಟ?” ಎಂದೆ, ಅಳು ನುಂಗಿಕೊಂಡು.

ನನ್ನ ಮುಖ ನೋಡಿ ಎಲ್ಲರೂ, ಸೀಟಿಯಿಲ್ಲದೆಯೇ, ಹೊಟ್ಟೆ ಹಿಡಿದುಕೊಂಡು ನಕ್ಕರು.