ಕಿಟಕಿಯ ಮೇಲಿನ ಬಾಟಲಿ

ಅಜ್ಜಿ ಬಾಗಿಲು ತೆರೆದರು. ಹೊರಗೆ ನಿಂತಿದ್ದವನು ಚರಂಡಿ ಕೆಲಸದವನು. “ಚರಂಡಿ ಮತ್ತೆ ಕಟ್ಕೊಂಡಿದ್ಯೇನಪ್ಪ?”

“ಇಲ್ಲಮ್ಮ. ಆ ಬಾಟಲಿ ಇನ್ನೂ ಇದೆಯಾ ಅಂತ ನೋಡೋಕೆ ಬಂದೆ.”

ಮಗುವನ್ನು ಎತ್ತಿಕೊಂಡೇ ಸೊಸೆ ಅಡುಗೆಮನೆಯ ಕಿಟಕಿಯಿಂದ ಬಾಟಲಿ ತಂದಳು. ಆರು ತಿಂಗಳ ಹಿಂದೆ ಬೀದಿಯ ಮ್ಯಾನ್‌ಹೋಲಿನಿಂದ ಹಗ್ಗದಂತೆ ಹೊಸೆದುಕೊಂಡಿದ್ದ, ಮಗು ಒರೆಸುವ ಒದ್ದೆ ವೈಪ್ಸ್ ಎಳೆದು ಹಾಕಿದವನು ಇವನೇ. ಆಮೇಲೆ ಮಗುವಿನ ಪ್ಯಾಕೆಟ್ಟಿನಿಂದ ಹೊಸದೊಂದನ್ನು ತರಿಸಿ, ಬಾಟಲಿಯ ನೀರಿನಲ್ಲಿ ಮುಳುಗಿಸಿದ್ದ. “ಇದು ಕರಗಿದ ದಿನದಿಂದ ಟಾಯ್ಲೆಟ್ಟಿಗೆ ಹಾಕಿ. ಅಲ್ಲಿವರೆಗೆ ಕಸದ ಬುಟ್ಟಿಗೆ,” ಎಂದಿದ್ದ. ಬೈದಿರಲಿಲ್ಲ. ಹುಣ್ಣಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೊರಟುಹೋಗಿದ್ದ.

“ದಿನಾ ಕುಲುಕಿ ನೋಡ್ತೀನಿ,” ಎಂದರು ಅಜ್ಜಿ. “ಮಗುಗೆ ಎರಡು ಹಲ್ಲು ಬಂತು, ಇದು ಮಾತ್ರ ಹಾಕಿದ ಹಾಗೇ ಇದೆ. ಬೀದಿಯೋರನ್ನೆಲ್ಲ ಕರೆದು ತೋರಿಸಿದ್ದೀನಿ.”

“ಗೊತ್ತಾಯ್ತಮ್ಮ. ಅವತ್ತಿಂದ ಈ ಬೀದೀಲಿ ಒಂದ್ಸಲಾನೂ ಕೈ ಹಾಕೋ ಕೆಲಸ ಬಂದಿಲ್ಲ. ದೊಡ್ಡ ಉಪಕಾರ ಆಯ್ತು. ನೋಡಿ, ಹುಣ್ಣೆಲ್ಲ ಮಾಯ್ದಿದೆ.”

ತೋರಿಸಲೆಂದು ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ತನ್ನನ್ನೇ ಕರೆಯುತ್ತಿದ್ದಾನೆಂದುಕೊಂಡ ಮಗು ಕೇಕೆ ಹಾಕಿ ಅವನತ್ತ ಬಗ್ಗಿತು. ಅವನು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ, ಸೊಸೆ ಮಗುವನ್ನು ಅವನ ತೋಳಿಗೆ ಕೊಟ್ಟಾಗಿತ್ತು.